ಮನ್ನಿಬಾವಿಗೆ ಆ ಹೆಸರು ಬಂದದ್ದು

ಬನ್ನಿ, ಕಾಲು ಚಾಚಿಕೊಂಡು ಆರಾಮವಾಗಿ ಕುಳಿತು ಕೇಳಿ. ನಡುವೆ ಎದ್ದು ಹೋಗುವಂಥ ಕಥೆಯಲ್ಲ ಇದು. ಸೂಸೆಪಾಳ್ಯದ ಚರ್ಚಿನ ಹಿಂದೆ, ಹುಣಸೆಮರದ ನೆರಳಲ್ಲಿ ಕಲ್ಲು ಕಟ್ಟಿದ ಬಾವಿಯೊಂದಿದೆಯಲ್ಲ, ಹೊರಗಿನವರು ಅದನ್ನು ಮಣ್ಣುಬಾವಿ ಎಂದು ಕರೆದು, ಇಷ್ಟು ತಿಳಿನೀರಿಗೆ ಮಣ್ಣಿನ ಹೆಸರೇಕೆ ಎಂದು ನಗುತ್ತಾರೆ. ಅದು ಮಣ್ಣುಬಾವಿಯಲ್ಲ, ಮನ್ನಿಬಾವಿ. ಮಣ್ಣು ಕುಸಿದದ್ದೂ ನಿಜವೇ. ಆದರೆ ಹೆಸರು ಬಂದದ್ದು ಒಬ್ಬ ಹೆಂಗಸಿನ ಬಾಯಿಂದ ಹೊರಟ ಒಂದೇ ಒಂದು ಮಾತಿನಿಂದ ಎನ್ನುತ್ತಾರೆ.

ಹಿಂದೆ ಒಮ್ಮೆ ಊರಿಗೆ ಊರೇ ಸೇರಿ ಆ ಬಾವಿ ತೋಡುತ್ತಿತ್ತು. ಗಂಡಸರು ಸರದಿಯ ಮೇಲೆ ಇಳಿದು ಅಗೆಯುವುದು, ಹೆಂಗಸರು ಮೇಲೆ ನಿಂತು, ಬಾಯಿಗಿಟ್ಟ ಕಲ್ಲಿನ ಮೇಲೆ ಹಗ್ಗ ಹಾಯಿಸಿ ಮಣ್ಣಿನ ಮಂಕರಿ ಎಳೆಯುವುದು. ಎಲ್ಲರ ಕೈ ಒಟ್ಟಿಗೆ ಬೀಳಬೇಕು, ಇಲ್ಲದಿದ್ದರೆ ಹಗ್ಗ ತೂಗಾಡಿ ಮಂಕರಿ ಗೋಡೆಗೆ ಬಡಿಯುತ್ತದೆ. ಅದಕ್ಕೆಂದೇ ಅವರು ಪರಲೋಕದ ತಂದೆಯ ಜಪ ಹೇಳಿಕೊಂಡು ಎಳೆಯುತ್ತಿದ್ದರು. ಒಂದು ಮಾತಿಗೆ ಒಂದು ಎಳೆತ. ಮಾತು ಎತ್ತಿಕೊಡುತ್ತಿದ್ದವಳು ಜ್ಞಾನಮ್ಮ. ಗಂಟೆಯಂಥ ಗಂಟಲು ಅವಳದು. ಆದರೆ ‘ನಮಗೆ ತಪ್ಪು ಮಾಡಿದವರನ್ನು ನಾವು ಮನ್ನಿಸುವ ಹಾಗೆ’ ಎಂಬಲ್ಲಿಗೆ ಬಂದರೆ ಆ ಗಂಟೆ ನಿಂತೇ ಹೋಗುತ್ತಿತ್ತು. ಪಕ್ಕದ ಸವೇರಮ್ಮ, “ಏನೇ, ಮುದ್ದೆ ಸಿಕ್ಕಿಕೊಂಡಿತಾ ಗಂಟಲಲ್ಲಿ?” ಎಂದು ತಿವಿದು, ಆ ಮಾತನ್ನು ತಾನೇ ಹೇಳಿ ಎಳೆಸುತ್ತಿದ್ದಳು. “ದೇವರ ಮುಂದೆ ಸುಳ್ಳು ಹೇಳು ಅಂತೀಯೇನೇ?” ಎನ್ನುತ್ತಿದ್ದಳು ಜ್ಞಾನಮ್ಮ.

ಅವಳ ಒಡಲ ಉರಿ ಅಂಥದ್ದು. ಕೆರೆಯ ಏರಿ ಒಡೆದ ವರ್ಷ ಕಾವಲಿಗಿದ್ದವನು ಚೌರಪ್ಪ, ನಿದ್ದೆ ಹೋದವನೂ ಅವನೇ. ಊರು ಕೇಳಿದಾಗ ಅಂಜಿ, ಕಾವಲು ಜ್ಞಾನಮ್ಮನ ತಮ್ಮ ಇನ್ನಾಸಪ್ಪನದು ಎಂದುಬಿಟ್ಟ. ತಮ್ಮ ಜ್ವರ ಬಂದು ನನ್ನ ಮನೆಯಲ್ಲೇ ಮಲಗಿದ್ದ ಎಂದು ಅವಳು ಬಡಕೊಂಡಳು. ಅಕ್ಕನ ಮಾತನ್ನು ಯಾರು ನಂಬುತ್ತಾರೆ? ಇನ್ನಾಸಪ್ಪ ತಲೆ ತಗ್ಗಿಸಿಕೊಂಡು ಊರು ಬಿಟ್ಟ.

ಹೀಗಿರಲು ಒಂದು ನಡುಹಗಲು, ಚೌರಪ್ಪ ತಳದಲ್ಲಿದ್ದಾಗ ಬಾವಿಯ ಒಂದು ಮಗ್ಗುಲು ದೊಪ್ಪನೆ ಕುಸಿಯಿತು! ದೂಳು ಮೋಡದಂತೆ ಮೇಲೆದ್ದಿತು. “ಎಳೀರವ್ವೋ! ಹಗ್ಗ ಸೊಂಟಕ್ಕೆ ಸುತ್ಕೊಂಡಿದೀನಿ!” ಎಂಬ ಕೂಗು. ಉಳಿದ ಗಂಡಸರೆಲ್ಲ ಕಲ್ಲು ತರಲು ಹೋಗಿದ್ದರು. ಜ್ಞಾನಮ್ಮ ಜಪ ಎತ್ತಿಕೊಂಡಳು. ಒಂದು ಮಾತು, ಒಂದು ಎಳೆತ. ಇನ್ನೊಂದು ಮಾತು, ಇನ್ನೊಂದು ಎಳೆತ. ಚೌರಪ್ಪ ಅರ್ಧ ಬಾವಿಗೆ ಬಂದಿದ್ದ. ಆಗ ಬಂತು ನೋಡಿ ಆ ಮಾತು. ಅವಳ ಬಾಯಿ ಕಟ್ಟಿತು, ಹಗ್ಗ ನಿಂತಿತು. ಸವೇರಮ್ಮ ಹೇಳಹೋದರೆ ಬಾಯ್ತುಂಬ ದೂಳು, ಬರೀ ಕೆಮ್ಮು! “ಯಾಕೆ ನಿಂತ್ರಿ? ತಲೆ ಮೇಲೆ ಮಣ್ಣು ಉದುರ್ತಾ ಐತೆ!” ಎಂದು ಕೂಗಿದ ಚೌರಪ್ಪ. ಮರುಗಳಿಗೆ, ಹಗ್ಗ ಯಾವ ಮಾತಿಗೆ ನಿಂತಿತೆಂದು ಅವನಿಗೂ ಹೊಳೆದು, ಸುಮ್ಮನಾದ. ಆ ಸುಮ್ಮನಿರುವಿಕೆ ಜ್ಞಾನಮ್ಮನ ಎದೆಗೆ ತಾಗಿತು. ಈ ಮಾತು ದಾಟದೆ ‘ನಮ್ಮನ್ನೂ ಮನ್ನಿಸು’ ಎಂಬ ಮುಂದಿನ ಮಾತಿಗೆ ದಾರಿಯಿಲ್ಲ. ಇಷ್ಟು ವರ್ಷ ತಾನೂ ಅರ್ಧ ಬಾವಿಯಲ್ಲೇ ತೂಗುತ್ತಿದ್ದೆ ಎಂದು ಅವಳಿಗೆ ಕಂಡಿತು. ಅಷ್ಟೇ! “ಮನ್ನಿಸಿದೆ ಕಣೋ ಚೌರಾ! ಬಿಗಿಯಾಗಿ ಹಿಡ್ಕೋ!” ಎಂದು ಕೂಗಿದಳು. ಜಪದ ಮಾತುಗಳೆಲ್ಲ ಮರೆತುಹೋದವು. “ಮನ್ನಿಸಿದೆ!” ಒಂದು ಎಳೆತ. “ಮನ್ನಿಸಿದೆ!” ಮತ್ತೊಂದು. ಹೆಂಗಸರೆಲ್ಲ ಅದನ್ನೇ ಕೂಗಿದರು. ಚೌರಪ್ಪ ದಡಕ್ಕೆ ಉರುಳಿದನೋ ಇಲ್ಲವೋ, ಉಳಿದ ಗೋಡೆಯೂ ಕಳಚಿ, ಕಳಚಿದ ಜಾಗದಿಂದ ನೀರು ಬುಳುಬುಳು ಉಕ್ಕಿತು! ಅವಳ ಗಂಟಲಲ್ಲಿ ಕೂತು ಕೂಗಿದ್ದು ದೇವರ ಕರುಣೆಯೇ ಎನ್ನುತ್ತಾರೆ. ಆ ಕೂಗಿನಿಂದಲೇ ಅದು ಮನ್ನಿಸಿದ ಬಾವಿ, ಜನರ ಬಾಯಲ್ಲಿ ಸವೆದು ಮನ್ನಿಬಾವಿ.

ಮೈಯ ಕೆಸರು ಆರುವ ಮೊದಲೇ ಚೌರಪ್ಪ ಊರ ಮುಂದೆ, “ಅವತ್ತಿನ ಕಾವಲು ನನ್ನದು” ಎಂದು ಅತ್ತ. ಊರೂರು ಅಲೆದು ಇನ್ನಾಸಪ್ಪನನ್ನು ಕರೆತಂದ. ಸಾಯುವತನಕ ಏರಿ ಕಾದ, ಕಾವಲಿನ ರಾತ್ರಿ ಒಮ್ಮೆಯೂ ನಿದ್ದೆ ಹೋಗಲಿಲ್ಲವಂತೆ. ಇನ್ನಾಸಪ್ಪ ಬಂದನೇನೋ ಸರಿ, ಚೌರಪ್ಪನೊಡನೆ ಮಾತಾಡಲು ಮಾತ್ರ ಒಂದು ಸುಗ್ಗಿ ಕಳೆಯಬೇಕಾಯಿತು. ಸವೇರಮ್ಮ, “ನಾನು ಕೆಮ್ಮದಿದ್ದರೆ ಈ ಬಾವಿಗೆ ಹೆಸರೆಲ್ಲಿತ್ತು?” ಎಂದು ಮೊಮ್ಮಕ್ಕಳ ಮುಂದೆ ಮೆರೆದಳು. ಜ್ಞಾನಮ್ಮ ಮುಪ್ಪಿನವರೆಗೂ ಜಪ ಎತ್ತಿಕೊಟ್ಟು, ಆ ಹುಣಸೆಮರದಾಚೆ ಮಣ್ಣಾದಳು. ಅಂದು ಅವಳ ಹಗ್ಗ ಉಜ್ಜಿದ ಗೀರು ಬಾವಿಯ ಬಾಯಿಕಲ್ಲಿನ ಮೇಲೆ ಇಂದಿಗೂ ಕಾಣುತ್ತದೆ. ಈಗಲೂ ಅಲ್ಲಿ ನೀರು ಸೇದುವವರು ಕೊಡ ಅರ್ಧ ಬಾವಿಗೆ ಬಂದಾಗ ಒಂದು ಗಳಿಗೆ ಹಗ್ಗ ನಿಲ್ಲಿಸುತ್ತಾರೆ. ತುಟಿ ಅಲುಗುತ್ತದೆ; ಯಾರ ಹೆಸರೆಂದು ಕೇಳುವ ಹಾಗಿಲ್ಲ. ಆಮೇಲೆ ಸರಸರನೆ ಎಳೆದುಕೊಳ್ಳುತ್ತಾರೆ.