ಊದುಬತ್ತಿ ಬೀದಿಯ ಸೊನ್ನೆಗಳು

"ಗುರುಗಳೇ, ಓದದ ಊರಿಗೆ ಓದುವ ಕೋಣೆ ಏಕೆ?" ಎಂದು ಶಿಷ್ಯ ಕೇಳಿದ.

ಕೇಳುವಾಗ ಅವನ ಕೈಯಲ್ಲಿ ಒಂದು ಪಟ್ಟಿ ಇತ್ತು. ಆಶ್ರಮದಲ್ಲಿ ಪುಸ್ತಕದ ಕೋಣೆಯೊಂದಿತ್ತು. ಸುತ್ತಲಿನ ಐದು ಹಳ್ಳಿಯ ಜನ ಅಲ್ಲಿಂದ ಪುಸ್ತಕ ಒಯ್ಯಬಹುದಾಗಿತ್ತು. ಅದನ್ನು ಮುಚ್ಚಿ ಅಕ್ಕಿ ಮೂಟೆ ಇಡೋಣ ಎಂದು ಆಶ್ರಮದ ಹಿರಿಯರು ಯೋಚಿಸಿದ್ದರು. ಮುಚ್ಚುವ ಮೊದಲು ಜನರನ್ನು ಒಂದು ಮಾತು ಕೇಳಿ ಬಾ ಎಂದು ಶಿಷ್ಯನನ್ನು ಕಳಿಸಿದ್ದರು. ಅವನು ಒಂದು ತಿಂಗಳು ಮನೆಮನೆ ತಿರುಗಿದ. ಹತ್ತರಲ್ಲಿ ಒಂಬತ್ತು ಮನೆಯವರು ಓದುವುದಿಲ್ಲ ಎಂದರು. ಆರು ವರ್ಷದಿಂದ ಆ ಪುಸ್ತಕಗಳ ಧೂಳು ಒರೆಸಿ, ಹರಿದದ್ದನ್ನು ಅಂಟಿಸಿ ಕಾಪಾಡಿದವನು ಅವನೇ. ಅವನಿಗೆ ದುಃಖವಾಗಿತ್ತು. ಜನರ ಮೇಲೆ ಸಿಟ್ಟೂ ಬಂದಿತ್ತು. ಕೋಣೆ ಇರಲಿ ಅಥವಾ ಬೇಡ ಎಂದು ಮರುದಿನ ಹಿರಿಯರ ಮುಂದೆ ಅವನು ಹೇಳಬೇಕಿತ್ತು.

ಪಟ್ಟಿಯನ್ನು ಗುರುವಿನ ಮುಂದೆ ಹಿಡಿದ. ಗುರು ಅದನ್ನು ಕೈಗೆ ತೆಗೆದುಕೊಳ್ಳಲಿಲ್ಲ. ನೀನೇ ಓದು ಎಂದರು. ಅದು ಅವರ ವಾಡಿಕೆ. ದಿನವೂ ಬೆಳಿಗ್ಗೆ ಶಿಷ್ಯ ಒಂದು ಗಂಟೆ ಪುಸ್ತಕ ಓದಬೇಕು, ಗುರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಅವಸರದಲ್ಲಿ ಪದ ನುಂಗಿದರೆ ನಿಲ್ಲಿಸಿ ಮತ್ತೊಮ್ಮೆ ಓದಿಸುತ್ತಿದ್ದರು. ಅದು ತನಗೆ ಪಾಠ ಎಂದು ಶಿಷ್ಯ ತಿಳಿದಿದ್ದ.

ಅವನು ಪಟ್ಟಿ ಓದಿದ. ಆಶ್ರಮದಿಂದಲೇ ಶುರು ಮಾಡಿದ್ದ. ಮೊದಲ ಸಾಲಿನಲ್ಲಿ ಗುರುವಿನ ಹೆಸರು, ಅದರ ಮುಂದೆ 'ಓದುತ್ತಾರೆ' ಎಂಬ ಮಾತು. ಆಮೇಲೆ ಹಳ್ಳಿಗಳು. ಗುರು ಕೊನೆಯ ಮನೆಯವರೆಗೂ ಕೇಳಿದರು. ಯಾವ ಪ್ರಶ್ನೆ ಹಾಕಿದೆ ಎಂದು ವಿಚಾರಿಸಿದರು. ಎಷ್ಟು ಪುಸ್ತಕ ಕೊಳ್ಳುತ್ತೀರಿ, ಎಷ್ಟು ಎರವಲು ತರುತ್ತೀರಿ, ಎಷ್ಟು ಓದುತ್ತೀರಿ, ಈ ಮೂರು ಎಂದು ಶಿಷ್ಯ ಹೇಳಿದ.

ಗುರು ನಕ್ಕರು. "ಕುಳಿತುಕೋ. ಇದೇ ಮೂರನ್ನು ಕೇಳಿಸಿದ ಒಬ್ಬ ವ್ಯಾಪಾರಿಯ ಕತೆ ಹೇಳುತ್ತೇನೆ. ಮುಖ ಗಂಟು ಹಾಕಿಕೊಳ್ಳಬೇಡ, ಕತೆ ಒಳಗೆ ಇಳಿಯುವುದಿಲ್ಲ" ಎಂದು ಹೇಳತೊಡಗಿದರು.

ಒಂದು ಪೇಟೆಯಲ್ಲಿ ಒಬ್ಬ ಪುಸ್ತಕದ ವ್ಯಾಪಾರಿ ಇದ್ದ. ಅಂಗಡಿಯ ಒಂದು ಮಗ್ಗುಲಲ್ಲಿ ಪುಸ್ತಕ ಮಾರುತ್ತಿದ್ದ, ಇನ್ನೊಂದು ಮಗ್ಗುಲಲ್ಲಿ ಓದಲು ಬಾಡಿಗೆಗೆ ಕೊಡುತ್ತಿದ್ದ. ಬಾಡಿಗೆಯ ಕಪಾಟು ಅವನ ತಂದೆ ಮಾಡಿಸಿದ್ದು. ಮನುಷ್ಯ ಒಳ್ಳೆಯವನೇ. ಆದರೆ ಪುಸ್ತಕವನ್ನು ಹೊರಗಿನಿಂದ ಮಾತ್ರ ಬಲ್ಲವನು. ಯಾವುದು ಎಲ್ಲಿದೆ ಎಂದರೆ ಥಟ್ಟನೆ ಹೇಳುತ್ತಿದ್ದ. ಒಳಗೇನಿದೆ ಎಂದರೆ ತಡವರಿಸುತ್ತಿದ್ದ. ಮಿಠಾಯಿ ಅಂಗಡಿಯವನಿಗೆ ಮಿಠಾಯಿ ಸೇರದು, ನೋಡು, ಹಾಗೆ.

ಬಾಡಿಗೆಗೆ ಹೋಗಿ ಮರಳಿದ ಕೆಲವು ಪುಸ್ತಕಗಳ ನಡುವೆ ಒಂದೊಂದು ಬಿದಿರಿನ ಕಡ್ಡಿ ಇರುತ್ತಿತ್ತು. ಯಾರು ಇಟ್ಟರು, ಏಕೆ ಇಟ್ಟರು ಎಂದು ಅವನು ಯೋಚಿಸಿದವನಲ್ಲ. ಕಸ ಎಂದು ತೆಗೆದು ಬೀದಿಗೆ ಎಸೆಯುತ್ತಿದ್ದ. ಇದನ್ನು ನೆನಪಿಟ್ಟುಕೋ.

ವ್ಯಾಪಾರ ಇಳಿಯಿತು. ಆ ಹಳೆಯ ಕಪಾಟು ಸುಮ್ಮನೆ ಜಾಗ ತಿನ್ನುತ್ತಿದೆ, ಅಲ್ಲಿ ನೋಟುಬುಕ್ಕು, ಪೆನ್ನು ಜೋಡಿಸಿದರೆ ಅಂಗಡಿ ಉಳಿದೀತು ಎಂದು ಅವನಿಗೆ ಅನ್ನಿಸಿತು. ಆದರೂ ತಂದೆಯ ಕಪಾಟು, ಮನಸ್ಸು ಒಪ್ಪಲಿಲ್ಲ. ಊರನ್ನೇ ಕೇಳಿ ತೀರ್ಮಾನಿಸೋಣ ಎಂದು ಒಬ್ಬ ಗುಮಾಸ್ತನನ್ನು ಗೊತ್ತುಮಾಡಿದ. ಮೂರು ಪ್ರಶ್ನೆ ಬರೆದುಕೊಟ್ಟ. ನಿನ್ನವೇ ಮೂರು.

ಗುಮಾಸ್ತ ಪ್ರಾಮಾಣಿಕ. ಒಂದು ಮನೆಯನ್ನೂ ಬಿಡಲಿಲ್ಲ. ವಕೀಲರ ಬೀದಿಯಲ್ಲಿ ಒಬ್ಬರು ವರ್ಷಕ್ಕೆ ಇಪ್ಪತ್ತು ಓದುತ್ತೇನೆ ಎಂದರು, ಪಕ್ಕದ ಮನೆಯವರು ಅದನ್ನು ಕೇಳಿಸಿಕೊಂಡು ಮೂವತ್ತು ಎಂದರು. ಗಾಜಿನ ಬೀರು ತೋರಿಸಿದರು. ಬೀರುವಿಗೆ ಬೀಗ ಇತ್ತು. ಬೀಗದ ಕೈ ಎಲ್ಲಿ ಎಂದು ಇವನು ವಿಚಾರಿಸಲಿಲ್ಲ. ಪಾಪ, ಅದು ಅವನ ಮೂರು ಪ್ರಶ್ನೆಗಳಲ್ಲಿ ಇರಲಿಲ್ಲ.

ಕೊನೆಗೆ ಊದುಬತ್ತಿ ಬೀದಿಗೆ ಬಂದ. ಆ ಬೀದಿಯ ಹೆಂಗಸರಿಗೆಲ್ಲ ಊದುಬತ್ತಿ ಹೊಸೆಯುವುದೇ ಕಸುಬು. ಒಂದು ಪಡಸಾಲೆಯಲ್ಲಿ ಹನ್ನೆರಡು ಮಂದಿ ಸಾಲಾಗಿ ಕುಳಿತು, ಕಪ್ಪು ಹಿಟ್ಟನ್ನು ಬಿದಿರಿನ ಕಡ್ಡಿಗೆ ಹೊಸೆಯುತ್ತಿದ್ದರು. ಓದುತ್ತೀರಾ ಎಂದ. ಅಕ್ಷರ ಬರುವುದಿಲ್ಲ ಎಂದರು. ಕೊಳ್ಳುತ್ತೀರಾ ಎಂದ. ಇಲ್ಲ ಎಂದರು. ಹನ್ನೆರಡು ಸೊನ್ನೆ ಬರೆದ. ಮುಂದಿನ ಮನೆಯ ಬಾಗಿಲಲ್ಲಿ ಒಬ್ಬ ಗಾಡಿಯವನು ನಿಂತಿದ್ದ. ನನ್ನ ಹೆಸರಿನಲ್ಲಿ ಈ ವರ್ಷ ಎಂಟು ಪುಸ್ತಕ ಬಂದಿದೆ, ಒಂದನ್ನೂ ಓದಿಲ್ಲ ಎಂದ. ತಂದದ್ದು ಎಂಟು, ಓದಿದ್ದು ಸೊನ್ನೆ ಎಂದು ಗುಮಾಸ್ತ ಬರೆದುಕೊಂಡ. ಆ ಗಾಡಿಯವನಿಗೆ ಒಬ್ಬ ಹೆಂಡತಿ ಇದ್ದಳು, ಚೆಲುವಮ್ಮ ಎಂದು. ಅವಳು ನೀರು ತರಲು ಹೋಗಿದ್ದಳು. ಯಜಮಾನನನ್ನು ಕೇಳಿದ ಮೇಲೆ ಹೆಂಡತಿಯನ್ನು ಕೇಳುವ ಪದ್ಧತಿ ಆ ಊರಲ್ಲಿ ಇರಲಿಲ್ಲ.

ವ್ಯಾಪಾರಿ ಪಟ್ಟಿ ನೋಡಿದ. ಓದುವವರು ಬಾಡಿಗೆಗೆ ಒಯ್ಯುವುದಿಲ್ಲ, ಒಯ್ಯುವವರು ಓದುವುದಿಲ್ಲ. ಸರಿ, ಮುಗಿಯಿತು. ಹೊರಗಿರುವ ಪುಸ್ತಕವೆಲ್ಲ ಎಂಟು ದಿನದೊಳಗೆ ಮರಳಿ ಬರಬೇಕು ಎಂದು ಅಂಗಡಿಯ ಮುಂದೆ ಹಲಗೆ ತೂಗುಹಾಕಿದ. ಪುಸ್ತಕಗಳು ಬಂದವು. ಗಾಡಿಯವನೂ ಒಂದನ್ನು ತಂದುಕೊಟ್ಟ. ವ್ಯಾಪಾರಿ ಎಲ್ಲವನ್ನೂ ಕಟ್ಟು ಕಟ್ಟಿ ರದ್ದಿಯವನಿಗೆ ಹೇಳಿಕಳಿಸಿದ. ಸಂಜೆಗೆ ಗಾಡಿ ತರುತ್ತೇನೆ ಎಂದು ರದ್ದಿಯವನು ಒಪ್ಪಿದ.

ಅಂದು ಮಧ್ಯಾಹ್ನ ಹದಿಮೂರು ಹೆಂಗಸರು ಅಂಗಡಿಗೆ ಬಂದರು. ಹನ್ನೆರಡು ಮಂದಿಯ ಕೈ ಮಣಿಕಟ್ಟಿನವರೆಗೆ ಕಪ್ಪು. ಪುಸ್ತಕಕ್ಕೆ ತಾಗೀತೆಂದು ಮೆಟ್ಟಿಲ ಕೆಳಗೇ ನಿಂತರು. ಅವರಲ್ಲಿ ಹಿರಿಯಳೊಬ್ಬಳು ಮುಂದೆ ಬಂದಳು.

"ಸ್ವಾಮಿ, ಆ ತಾಯಿ ಹೊಳೆಗೆ ಇಳಿದಿದ್ದಳಲ್ಲ, ಆಚೆ ದಡ ಮುಟ್ಟಿದಳಾ? ಅಷ್ಟು ಹೇಳಿಬಿಡಿ, ಹೋಗ್ತೀವಿ."

ಯಾವ ತಾಯಿ, ಯಾವ ಹೊಳೆ? ವ್ಯಾಪಾರಿ ಬೆಪ್ಪಾದ. ಅವರು ಹೇಳಿದರು. ಒಬ್ಬಳು ಬಿಟ್ಟಲ್ಲಿಂದ ಇನ್ನೊಬ್ಬಳು ಹಿಡಿದಳು. ಮಗು ಆಚೆ ದಡದಲ್ಲಿ ಜ್ವರದಿಂದ ಮಲಗಿದೆ. ಹೊಳೆ ತುಂಬಿದೆ. ದೋಣಿಯವನು ಬರುವುದಿಲ್ಲ ಎಂದಿದ್ದಾನೆ. ಅವನು ಆಡಿದ ಮಾತು, ಅದಕ್ಕೆ ಅವಳು ಕೊಟ್ಟ ಉತ್ತರ, ಸೆರಗನ್ನು ಸೊಂಟಕ್ಕೆ ಬಿಗಿದ ರೀತಿ, ಒಂದನ್ನೂ ಬಿಡದೆ ಹೇಳಿದರು. ಮೂರು ದಿನದಿಂದ ಕೈಗೆ ಕೆಲಸ ಹತ್ತುತ್ತಿಲ್ಲ, ಬತ್ತಿ ಸೊಟ್ಟ ಆಗುತ್ತಿದೆ, ಸುಮ್ಮಸುಮ್ಮನೆ ಒಬ್ಬರ ಮೇಲೊಬ್ಬರು ಹರಿಹಾಯುತ್ತಿದ್ದೇವೆ ಎಂದರು. ಆ ತಾಯಿ ನೀರಲ್ಲಿ ಇರುವಾಗ ಊಟ ಹೇಗೆ ಸೇರುತ್ತದೆ ಎಂದಳು ಒಬ್ಬಳು. ಅವಳ ಕಣ್ಣಲ್ಲಿ ನೀರಿತ್ತು.

ವ್ಯಾಪಾರಿಗೆ ಉತ್ತರ ಗೊತ್ತಿರಲಿಲ್ಲ. ಆ ಪುಸ್ತಕ ಹದಿನೈದು ವರ್ಷ ಅವನ ಅಂಗಡಿಯಲ್ಲಿತ್ತು. ಅವನಿಗೆ ನಾಚಿಕೆಯಾಯಿತು. ನಾಚಿಕೆ ಮುಚ್ಚಿಕೊಳ್ಳಲು ಸ್ವಲ್ಪ ಗದರಿದ. ಓದುವುದಿಲ್ಲ ಎಂದು ನನ್ನ ಗುಮಾಸ್ತನಿಗೆ ಏಕೆ ಸುಳ್ಳು ಹೇಳಿದಿರಿ ಎಂದ.

"ಸುಳ್ಳು ಯಾಕೆ ಹೇಳ್ಲಿ ಸ್ವಾಮಿ? ಓದೋದು ಚೆಲುವಮ್ಮ. ನಾವು ಬತ್ತಿ ಹೊಸೆಯೋರು" ಎಂದಳು ಹಿರಿಯಳು.

ಆಗ ಕೈ ಶುಭ್ರವಾಗಿದ್ದ ಹದಿಮೂರನೆಯವಳು, ಚೆಲುವಮ್ಮ, ತಮ್ಮ ಕ್ರಮ ತಿಳಿಸಿದಳು. ಅವಳೂ ಬತ್ತಿ ಹೊಸೆಯುವವಳೇ. ಬೆಳಿಗ್ಗೆಯೆಲ್ಲ ಹೊಸೆಯುತ್ತಾಳೆ. ಊಟವಾದ ಮೇಲೆ ಸೀಗೆಪುಡಿ ಹಾಕಿ ಕೈ ತೊಳೆದು, ಹೊಸ್ತಿಲ ಹತ್ತಿರ ಕುಳಿತು ಪುಸ್ತಕ ಬಿಡಿಸುತ್ತಾಳೆ. ಪುಸ್ತಕ ಹಿಡಿದ ಕೈ ಹಿಟ್ಟು ಮುಟ್ಟುವ ಹಾಗಿಲ್ಲ. ಅವಳು ಓದಿದಷ್ಟು ಹೊತ್ತೂ ಉಳಿದ ಹನ್ನೆರಡು ಮಂದಿ ತಮ್ಮ ಬತ್ತಿಯ ಜೊತೆಗೆ ಅವಳಿಗಾಗಿ ಒಂದೊಂದು ಹಿಡಿ ಹೆಚ್ಚು ಹೊಸೆದು ಅವಳ ರಾಶಿಗೆ ಹಾಕುತ್ತಾರೆ. ಸಂಜೆಗೆ ಅವಳ ರಾಶಿ ಎಲ್ಲರ ರಾಶಿಯಷ್ಟೇ ಇರುತ್ತದೆ. ಇಂದಿಗೆ ಸಾಕು ಎಂದಾಗ ಒಂದು ಬಿದಿರಿನ ಕಡ್ಡಿಯನ್ನು ಹಾಳೆಯ ನಡುವೆ ಇಟ್ಟು ಮುಚ್ಚುತ್ತಾಳೆ. ಹೀಗೆ ಒಂಬತ್ತು ವರ್ಷ.

ಪುಸ್ತಕಕ್ಕಾಗಿ ದಿನವೂ ಕೈ ಸವೆಸುವ ಹನ್ನೆರಡು ಮಂದಿ ವ್ಯಾಪಾರಿಯ ಎದುರಿಗೆ ನಿಂತಿದ್ದರು. ಕೊಳ್ಳುವವರ ಸಾಲಿನಲ್ಲಿ ಅವರೆಲ್ಲ ಸೊನ್ನೆ. ಹೆಂಗಸರು ನಿಜ ಹೇಳಿದ್ದರು. ಗಾಡಿಯವನು ನಿಜ ಹೇಳಿದ್ದ. ಗುಮಾಸ್ತ ಹೇಳಿದ್ದನ್ನೇ ಬರೆದಿದ್ದ. ಅಷ್ಟೂ ನಿಜ ಸೇರಿ ಒಂದು ದೊಡ್ಡ ಸುಳ್ಳಾಗಿತ್ತು. ಆ ಸುಳ್ಳನ್ನು ನಂಬಿ ಅವನು ತಂದೆಯ ಕಪಾಟನ್ನು ಬರಿದು ಮಾಡಿದ್ದ.

ಅವನು ಕಟ್ಟುಗಳ ಮುಂದೆ ಕುಕ್ಕರುಗಾಲಲ್ಲಿ ಕುಳಿತ. ಹಗ್ಗ ಬಿಚ್ಚಿದ. ಮೊದಲ ಕಟ್ಟಿನಲ್ಲಿ ಇರಲಿಲ್ಲ, ಎರಡನೆಯದರಲ್ಲೂ ಇರಲಿಲ್ಲ. ಅಷ್ಟರಲ್ಲಿ ರದ್ದಿ ಗಾಡಿ ಬಂದು ನಿಂತಿತು. ಇನ್ನೊಂದು ದಿನ ಬಾ ಎಂದು ವ್ಯಾಪಾರಿ ಕೈ ಬೀಸಿದ. ನಾಲ್ಕನೆಯ ಕಟ್ಟಿನಲ್ಲಿ ಆ ಪುಸ್ತಕ ಸಿಕ್ಕಿತು. ಅವಸರದಲ್ಲಿ ಕಟ್ಟಿದ್ದರಿಂದ ಕಡ್ಡಿ ತೆಗೆಯಲು ಮರೆತಿದ್ದ. ಕಡ್ಡಿ ಹಾಗೇ ಇತ್ತು. ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ಚೆಲುವಮ್ಮನಿಗೆ ಕೊಟ್ಟ. ಅವಳು ಮೆಟ್ಟಿಲ ಮೇಲೆ ಕುಳಿತು ಕಡ್ಡಿ ಇದ್ದ ಹಾಳೆ ಬಿಡಿಸಿ ಓದತೊಡಗಿದಳು. ಹನ್ನೆರಡು ಮಂದಿ ಬೀದಿಯಲ್ಲೇ ಕುಳಿತರು. ರದ್ದಿಯವನು ಗಾಡಿಗೆ ಒರಗಿ ನಿಂತ, ಹೊರಡಲಿಲ್ಲ. ವ್ಯಾಪಾರಿಯೂ ಬಾಗಿಲ ಚೌಕಟ್ಟು ಹಿಡಿದು ನಿಂತು ತನ್ನ ಅಂಗಡಿಯ ಪುಸ್ತಕವನ್ನು ಮೊದಲ ಸಲ ಕೇಳಿದ.

ಇಷ್ಟು ಹೇಳಿ ಗುರು ಕತೆ ನಿಲ್ಲಿಸಿ ನೀರು ಕುಡಿದರು. ಶಿಷ್ಯ ತಡೆಯಲಾರದೆ, ಆ ತಾಯಿ ದಡ ಮುಟ್ಟಿದಳೇ ಎಂದು ಕೇಳಿದ.

"ನೀನೂ ಮೆಟ್ಟಿಲ ಕೆಳಗೆ ಬಂದು ನಿಂತೆಯಾ?" ಎಂದು ಗುರು ನಕ್ಕರು. ಆ ಪುಸ್ತಕ ನಮ್ಮ ಕೋಣೆಯಲ್ಲೇ ಇದೆಯಂತೆ, ಹುಡುಕಿ ತಂದು ನಾಳೆ ಬೆಳಿಗ್ಗೆ ಓದು, ನನಗೂ ತಿಳಿಯಬೇಕು ಎಂದರು. ಕೋಣೆ ತೆರೆದಿದ್ದರೆ, ಎಂದೂ ಸೇರಿಸಿದರು.

ಶಿಷ್ಯ ಪಟ್ಟಿಯನ್ನು ನೋಡಿದ. ಐದು ಹಳ್ಳಿಯ ಸೊನ್ನೆಗಳು ಸಾಲಾಗಿ ಕುಳಿತಿದ್ದವು. ಯಾವ ಸೊನ್ನೆಯ ಹಿಂದೆ ಯಾವ ಪಡಸಾಲೆ ಇದೆಯೋ ಅವನಿಗೆ ಈಗ ಗೊತ್ತಾಗಲಿಲ್ಲ. ಅವನು ಪೆನ್ಸಿಲು ತೆಗೆದ.

"ಗುರುಗಳೇ, ಇದನ್ನೆಲ್ಲ ಹೊಡೆದುಹಾಕಲೇ?"

"ಎಲ್ಲ ಯಾಕೆ ಮಗು, ಮೊದಲ ಸಾಲೊಂದನ್ನು ಹೊಡೆದುಹಾಕು ಸಾಕು, ನನಗೆ ಅಕ್ಷರ ಬರುವುದಿಲ್ಲ."