ನರಸಮ್ಮನ ಬೆನ್ನುಚೀಲ

ಗುಡ್ಡದ ಬುಡಕ್ಕೊಂದು ಊರು. ಆ ಊರಲ್ಲಿ ನರಸಮ್ಮ. ಅವಳಿಗೆ ಒಬ್ಬನೇ ಮಗ, ಮುದ್ದರಂಗ. ಮೈ ಎತ್ತಿನಂಥದ್ದು, ತಲೆ ಖಾಲಿ. ಆದರೆ ಅಮ್ಮ ಹೇಳಿದ ಮಾತನ್ನು ಒಂದಕ್ಷರ ಮೀರುತ್ತಿರಲಿಲ್ಲ. ಅದೇ ಅವಳ ಕಷ್ಟ.

ಮನೆಯಲ್ಲಿ ಒಂದು ಹಳೇ ಹೊಲಿಗೆ ಮಿಷನ್ನು. ಕಾಲಲ್ಲಿ ತುಳಿಯುವಂಥದ್ದು. ಗಂಡ ಬಿಟ್ಟುಹೋದದ್ದು ಅದೊಂದೇ. ಲಾರಿಯ ಹಳೇ ಟಾರ್ಪಾಲು, ಗುಜರಿ ಕಾರಿನ ಸೀಟ್ ಬೆಲ್ಟು ತಂದು ನರಸಮ್ಮ ಬೆನ್ನಿಗೆ ಹಾಕುವ ಚೀಲ ಹೊಲಿಯುವಳು. ಗುಡ್ಡ ಹತ್ತಲು ಬರುವವರು ಕೊಳ್ಳುವರು.

ಇದು ಅವಳ ತಮ್ಮ ವೆಂಕಟಾಚಲನಿಗೆ ಸರಿಬರಲಿಲ್ಲ. ಅವನ ಅಂಗಡಿಯಲ್ಲಿ ಪೇಟೆಯ ರೆಡಿಮೇಡ್ ಚೀಲಗಳು ನೇತಾಡುತ್ತಿದ್ದವು. ನೇತಾಡುತ್ತಲೇ ಇದ್ದವು. ಮಧ್ಯಾಹ್ನವಾದರೆ ಅಕ್ಕನ ಮನೆಗೆ ಬರುವನು. ಹೊಟ್ಟೆ ತುಂಬ ಉಣ್ಣುವನು. ಮಿಷನ್ನು ಗುಜರಿಗೆ ಹಾಕು, ಬಂದು ನನ್ನ ಅಂಗಡಿಯಲ್ಲಿ ಕೂತು ಮಾರು ಅನ್ನುವನು. ಆಮೇಲೆ ಜಗಲಿ ಮೇಲೆ ಗೊರಕೆ ಹೊಡೆಯುವನು.

ಒಂದಿನ ಮಿಷನ್ನು ಕಿರಗುಟ್ಟಿತು. ತೂತು ಕಂಡಲ್ಲೆಲ್ಲ ಒಂದೊಂದು ಹನಿ ಎಣ್ಣೆ ಬಿಡು ಅಂತ ನರಸಮ್ಮ ಮಗನಿಗೆ ಹೇಳಿ ನೀರಿಗೆ ಹೋದಳು. ಮುದ್ದರಂಗ ಮಿಷನ್ನಿನ ತೂತಿಗೆ ಬಿಟ್ಟ. ಅಂಗಿಯ ಕಾಜಾಕ್ಕೆ ಬಿಟ್ಟ. ಇಲಿಯ ಬಿಲಕ್ಕೆ ಬಿಟ್ಟ. ಜಗಲಿಗೆ ಬಂದು ಮಾವನ ಎರಡು ಕಿವಿಗೂ ಬಿಟ್ಟ.

ಮಾವ ಎದ್ದು ಕುಣಿದ. ನರಸಮ್ಮ ಬಂದು ಬೈದಳು. ಎಣ್ಣೆ ಇರೋದು ಕಬ್ಬಿಣಕ್ಕೆ ಕಣೋ. ಬಟ್ಟೆಗಾದರೆ ಮೇಣ ತಿಕ್ಕಬೇಕು, ನೀರು ಇಳಿಯಬಾರದು, ಗೊತ್ತಾಯ್ತಾ ಅಂದಳು. ಗೊತ್ತಾಯ್ತು ಅಂದ.

ಮಾರನೇ ದಿನ ಚೀಲಕ್ಕೆ ಮೇಣ ತಿಕ್ಕಿದ. ಚೆನ್ನಾಗಿಯೇ ತಿಕ್ಕಿದ. ಆಮೇಲೆ ಮೈ ಒರೆಸುವ ಟವೆಲ್ಲಿಗೆ ತಿಕ್ಕಿದ. ಕಾಫಿ ಸೋಸುವ ಬಟ್ಟೆಗೂ ತಿಕ್ಕಿದ. ಮಾವ ಕಾಫಿಗೆ ಕಾದ. ಕಾಫಿ ಬಟ್ಟೆಯ ಮೇಲೆ ಕೆರೆಯಂತೆ ನಿಂತಿತ್ತು. ಇಳಿಯಲಿಲ್ಲ.

ನರಸಮ್ಮ ಮತ್ತೆ ಬೈದಳು. ಇನ್ನು ಮೇಲೆ ಬೇರೇನೂ ಮುಟ್ಟಬೇಡ, ಸೀಮೆಸುಣ್ಣದ ಗೆರೆ ಎಲ್ಲಿದೆಯೋ ಅಲ್ಲಿ ಹೊಲಿ, ಅಷ್ಟೇ ಅಂದಳು. ಅಷ್ಟೇ ಅಂದ.

ಅವತ್ತು ಮಾವ ಬಂದು ಮಿಷನ್ನಿನ ಪಕ್ಕದಲ್ಲೇ ನೆಲಕ್ಕೆ ಕೂತ. ಕೂತದ್ದು ಸೀಮೆಸುಣ್ಣದ ಗೆರೆ ಎಳೆದು ಹಾಸಿದ್ದ ಟಾರ್ಪಾಲಿನ ಮೇಲೆ. ಪಂಚೆಗೂ ಆ ಗೆರೆ ಹತ್ತಿತು. ಅವನು ಅಕ್ಕನಿಗೆ ಬುದ್ಧಿ ಹೇಳುತ್ತಿದ್ದ. ಮುದ್ದರಂಗ ಪಂಚೆಯ ಚುಂಗು ಮೆಲ್ಲಗೆ ಎಳೆದುಕೊಂಡ. ಮಿಷನ್ನಿನಲ್ಲಿದ್ದ ಚೀಲಕ್ಕೆ ಸೇರಿಸಿ ಗೆರೆಗೆ ಸರಿಯಾಗಿ ಹೊಲಿದ. ಮಾವ ಎದ್ದು ಹೊರಟ. ಜೊತೆಗೆ ಚೀಲವೂ ಹೊರಟಿತು. ಬೀದಿಯವರೆಲ್ಲ ನೋಡಿದರು.

ವೆಂಕಟಾಚಲನಿಗೆ ತಡೆಯಲಾಗಲಿಲ್ಲ. ಬೀದಿಯಲ್ಲೇ ನಿಂತು ಕೂಗಿದ.

"ಈ ಚೀಲ ಒಂದು ಸಲ ಗುಡ್ಡ ಹತ್ತಿದರೆ ಹರಿದುಹೋಗುತ್ತೆ. ನಾಳೆ ಗುಜರಿಯವನನ್ನ ಕರೆಸ್ತೀನಿ ಅಕ್ಕಾ."

"ಕರೆಸು," ಅಂದಳು ನರಸಮ್ಮ. "ಹರಿದರೆ ಮಿಷನ್ನು ನಾನೇ ಅವನ ಗಾಡಿಗೆ ಎತ್ತಿಡ್ತೀನಿ. ಹರೀಲಿಲ್ಲ ಅಂದ್ರೆ ನೀನು ಇನ್ನೊಂದು ಸಲ ಅದರ ಸುದ್ದಿ ಎತ್ತಬಾರದು."

ಆಗಲಿ ಅಂದ.

ರಾತ್ರಿ ಅವಳಿಗೆ ನಿದ್ದೆ ಬರಲಿಲ್ಲ. ಮಿಷನ್ನು ಹೋದರೆ ತಮ್ಮನ ಅಂಗಡಿಯಲ್ಲಿ ತಮ್ಮನ ಮಾತು ಕೇಳಿಕೊಂಡು ಕೂರಬೇಕು. ಅದಕ್ಕಿಂತ ಗುಡ್ಡದಿಂದ ಉರುಳುವುದು ವಾಸಿ ಅನ್ನಿಸಿತು.

ಮಾರನೇ ದಿನ ಮಗನನ್ನು ಕೂರಿಸಿಕೊಂಡು ಬಿಡಿಸಿ ಬಿಡಿಸಿ ಹೇಳಿದಳು. "ಮನೇಲಿ ಎಲ್ಲಕ್ಕಿಂತ ಭಾರವಾದ್ದು ಚೀಲಕ್ಕೆ ತುಂಬು. ಗುಡ್ಡ ಹತ್ತು. ತುದಿ ಮುಟ್ಟೋವರೆಗೆ ಇಳಿಸಬೇಡ. ಭಾರ ಅಲ್ಲೇ ಬಿಟ್ಟು ಚೀಲ ತಗೊಂಡು ಬಾ." ಅವಳ ಮನಸ್ಸಿನಲ್ಲಿ ಇದ್ದದ್ದು ರುಬ್ಬುವ ಗುಂಡು. ಹೇಳಿ ಟಾರ್ಪಾಲು ತರಲು ಗ್ಯಾರೇಜಿಗೆ ಹೋದಳು.

ಮುದ್ದರಂಗ ರುಬ್ಬುವ ಗುಂಡು ಎತ್ತಿ ನೋಡಿದ. ಭಾರ. ಮಿಷನ್ನು ಎತ್ತಿ ನೋಡಿದ. ಇನ್ನೂ ಭಾರ. ಜಗಲಿಯಲ್ಲಿ ಉಂಡು ಮಲಗಿದ್ದ ಮಾವನನ್ನು ಎತ್ತಿ ನೋಡಿದ. ಇದೇ ಸರಿ ಅಂದುಕೊಂಡ.

ಅರ್ಧ ದಾರಿಯಲ್ಲಿ ವೆಂಕಟಾಚಲನಿಗೆ ಎಚ್ಚರವಾಯಿತು. ಮೊಣಕಾಲು ಗದ್ದಕ್ಕೆ ಒತ್ತಿತ್ತು. ಕೆಳಗೆ ಬರೀ ಬಂಡೆ. ಊರು ಬೆಂಕಿಪೊಟ್ಟಣದಷ್ಟು ಕಾಣುತ್ತಿತ್ತು. ಇಳಿಸೋ ಅಂದ. ತುದಿ ಮುಟ್ಟೋವರೆಗೆ ಇಳಿಸಬಾರದು ಮಾವ ಅಂದ ಮುದ್ದರಂಗ. ಮಾವ ಬೆಲ್ಟನ್ನು ತಬ್ಬಿ ಹಿಡಿದ. ಹೊಲಿಗೆಯನ್ನು ಬೆರಳಲ್ಲಿ ಸವರಿ ಸವರಿ ನೋಡಿದ. ಅಕ್ಕನ ಹೊಲಿಗೆ ಬಿಡದಿರಲಿ ದೇವರೇ ಅಂತ ತುದಿಯವರೆಗೂ ಬೇಡಿಕೊಂಡ.

ಸಂಜೆಯ ಹೊತ್ತಿಗೆ ಮುದ್ದರಂಗ ಖಾಲಿ ಚೀಲ ತಂದು ಅಮ್ಮನ ಮುಂದೆ ಇಟ್ಟ. ನರಸಮ್ಮ ಮೂಲೆ ಮೂಲೆ ತಡವಿದಳು. ಒಂದೆಳೆ ದಾರ ಸಡಿಲವಾಗಿರಲಿಲ್ಲ. ಚೀಲಕ್ಕೆ ಹೇಳಿಹೋಗಿದ್ದ ಗುಡ್ಡ ಹತ್ತುವವರು ಅಷ್ಟೊತ್ತಿಗೆ ಬಂದರು, ಎಳೆದು ನೋಡಿದರು, ಹೆಗಲಿಗೆ ಹಾಕಿಕೊಂಡು ಹೋದರು.

ಹಿಂದೆಯೇ ಗುಜರಿಯವನು ಗಾಡಿ ತಳ್ಳಿಕೊಂಡು ಬಂದ. ವೆಂಕಟಾಚಲಣ್ಣ ಎಲ್ಲಿ, ಬರಹೇಳಿದ್ದರಲ್ಲ ಅಂದ.

ನರಸಮ್ಮ ಮಗನ ಮುಖ ನೋಡಿದಳು.

"ಮೇಲೆ ಅವ್ನೆ," ಅಂದ ಮುದ್ದರಂಗ. "ಭಾರ ಅಲ್ಲೇ ಬಿಟ್ಟು ಬಾ ಅಂದ್ಯಲ್ಲಮ್ಮ."

ಗುಡ್ಡದ ತುದಿಯಿಂದ ಸಣ್ಣಗೆ ಕೂಗು ಕೇಳಿಸಿತು. ಹುಟ್ಟಿದಾಗಿನಿಂದ ಗುಡ್ಡ ಹತ್ತದವನು. ಇಳಿಯಲು ಕಾಲು ಬಾರದೆ ಬಂಡೆಗೆ ಅಂಟಿಕೊಂಡಿದ್ದ. ನರಸಮ್ಮ ಬೀದಿಗೆ ಬಂದು ಕೈ ಅಡ್ಡ ಹಿಡಿದು ಕೂಗಿದಳು.

"ಮಿಷನ್ನು ಏನು ಮಾಡೋಣಪ್ಪಾ?"

"ಇರಲಿ ಅಕ್ಕಾ," ಅಂತು ಗುಡ್ಡ. "ಇರಲಿ, ಇರಲಿ."

ಗುಜರಿಯವನು ಗಾಡಿ ತಿರುಗಿಸಿದ. ಓಡಿಹೋಗಿ ಮಾವನನ್ನು ಕರಕೊಂಡು ಬರಲಾ ಅಂದ ಮುದ್ದರಂಗ. ನರಸಮ್ಮ ಒಳಗೆ ಹೋಗಿ ಸೂಜಿಗೆ ದಾರ ಪೋಣಿಸಿದಳು.

"ತಾಳು. ಚೀಲ ಅವರು ಒಯ್ದರಲ್ಲ. ಅವನನ್ನ ಹೊತ್ತು ತರೋಕೆ ಇನ್ನೊಂದು ಹೊಲೀಬೇಕು."