ಕಾಶಿಗೆ ಹೋಗದ ಬಾಣಸಿಗ

"ಗುರುಗಳೇ, ಎಂಟು ತಿಂಗಳಿಂದ ನನಗೆ ಕೆಲಸವಿಲ್ಲ. ಬಯೋಡೇಟಾ ಬರೆಯಲು ಕೂತರೆ ಆ ಎಂಟು ತಿಂಗಳ ಜಾಗಕ್ಕೆ ಬಂದು ಕೈ ನಿಲ್ಲುತ್ತದೆ. ಅಲ್ಲಿ ಏನು ಬರೆಯಬೇಕು?" ಎಂದು ಶಿಷ್ಯ ಕೇಳಿದ. ಬರೆದ ಕಾಗದವೊಂದು ಆಗಲೇ ಅವನ ಜೇಬಿನಲ್ಲಿತ್ತು. ಅದನ್ನು ಹೊರಗೆ ತೆಗೆದಿರಲಿಲ್ಲ.

ಗುರುಗಳು ಜೇಬನ್ನೊಮ್ಮೆ ನೋಡಿ ಕತೆ ಹೇಳಿದರು.

ಒಬ್ಬ ಬಾಣಸಿಗನಿದ್ದ. ಹನ್ನೆರಡು ವರ್ಷ ಒಬ್ಬ ಶ್ರೀಮಂತನ ಮನೆಯಲ್ಲಿ ಅಡುಗೆ ಮಾಡಿದವನು. ಯಜಮಾನ ತೀರಿಕೊಂಡ, ಮಕ್ಕಳು ಆಸ್ತಿ ಹಂಚಿಕೊಂಡು ಬೇರೆಯಾದರು, ದೊಡ್ಡ ಒಲೆ ಆರಿತು. ಅಲ್ಲಿಂದ ಒಂದು ವರ್ಷ ಬಾಣಸಿಗನಿಗೆ ಯಾರೂ ಕೆಲಸ ಕೊಡಲಿಲ್ಲ. ಮನೆಯಲ್ಲಿ ಹೆಂಡತಿ, ಮಕ್ಕಳು, ಹಾಸಿಗೆ ಹಿಡಿದ ತಾಯಿ. ಅಕ್ಕಿಯ ಮಡಕೆಯ ತಳ ಕಾಣತೊಡಗಿತ್ತು.

ಆಗ ಒಬ್ಬ ವರ್ತಕ ದಾರಿಯ ಬದಿಯಲ್ಲಿ ಹೊಸ ಛತ್ರ ಕಟ್ಟಿಸಿದ. ಅಡುಗೆಯವನೊಬ್ಬ ಬೇಕು, ಬರುವವರು ತಮ್ಮ ವೃತ್ತಾಂತವನ್ನು ಬರೆಸಿಕೊಂಡು ಬರಲಿ ಎಂದು ಡಂಗುರ ಸಾರಿಸಿದ. ಬಾಣಸಿಗ ಓಲೆ ಬರೆಯುವವನ ಬಳಿಗೆ ಹೋದ. ಓಲೆಯವನು ಜಾಣ. ಖಾಲಿ ವರ್ಷ ಇದ್ದವರಿಗೆಲ್ಲ ಅವನದು ಒಂದೇ ಮದ್ದು. ಆ ವರ್ಷ ಕಾಶಿಯಾತ್ರೆಗೆ ಹೋಗಿದ್ದೆ ಎಂದು ಬರೆದುಬಿಡುತ್ತಿದ್ದ. ಕಾಶಿಗೆ ಹೋದವನನ್ನು ಯಾರೂ ಮರುಪ್ರಶ್ನೆ ಕೇಳುವುದಿಲ್ಲ ಎಂದು ಬಾಣಸಿಗನಿಗೂ ಬುದ್ಧಿ ಹೇಳಿದ.

ಬಾಣಸಿಗನಿಗೆ ಆಸೆಯಾಗಲಿಲ್ಲ ಎಂದಲ್ಲ. ಆದರೆ ತಾಯಿ ಮಲಗಿರುವಾಗ ಕಾಶಿಗೆ ಹೋದ ಮಗ ಎಂದು ಬರೆಸಿಕೊಳ್ಳಲು ಅವನಿಗೆ ನಾಚಿಕೆಯಾಯಿತು. ಇದ್ದದ್ದನ್ನೇ ಬರೆಯಿರಿ ಎಂದ. ಓಲೆಯವನು ಗೊಣಗುತ್ತ ಬರೆದ: ಈ ವರ್ಷ ಕೆಲಸ ಸಿಗಲಿಲ್ಲ. ಹಲ್ಲಿಲ್ಲದ ತಾಯಿಗೆ ರುಚಿ ಕೆಡದಂತೆ ಮೆತ್ತಗೆ ಬೇಯಿಸುವುದನ್ನು ಕಲಿತೆ. ಕೇರಿಯಲ್ಲಿ ಜ್ವರ ಬಂದವರಿಗೆ, ಬಾಣಂತಿಯರಿಗೆ ಪಥ್ಯದ ಅಡುಗೆ ಮಾಡಿಕೊಟ್ಟೆ.

ಛತ್ರಕ್ಕೆ ಹನ್ನೊಂದು ಜನ ಬಂದರು. ಅವರಲ್ಲಿ ಹತ್ತು ಜನ ಅದೇ ವರ್ಷ ಕಾಶಿಗೆ ಹೋಗಿ ಬಂದವರು. ಅಲ್ಲಿ ಒಬ್ಬರಿಗೊಬ್ಬರು ಎದುರಾಗದಿದ್ದುದೇ ಆಶ್ಚರ್ಯ. ವರ್ತಕ ಓಲೆಗಳನ್ನು ಓದಿ ಎಲ್ಲರನ್ನೂ ಊಟಕ್ಕೆ ಕೂರಿಸಿದ. ಅಂದು ವರ್ತಕನ ಮನೆಯಿಂದ ಬಂದದ್ದು ಬದನೆಕಾಯಿ ಎಣ್ಣೆಗಾಯಿ. ಎಲ್ಲರೂ ಹೊಗಳಿ ಹೊಗಳಿ ಉಂಡರು.

ಕೈ ತೊಳೆದು ಬಂದ ಮೇಲೆ ವರ್ತಕ ಕೇಳಿದ. "ಕಾಶಿಗೆ ಹೋದವರು ತಮಗೆ ಇಷ್ಟವಾದದ್ದೊಂದನ್ನು ಅಲ್ಲಿ ಬಿಟ್ಟು ಬರುವುದು ವಾಡಿಕೆ. ನೀವೆಲ್ಲ ಏನು ಬಿಟ್ಟು ಬಂದಿರಿ?"

ನಿಜವಾಗಿ ಹೋದವನಿಗೆ ಇದರ ಉತ್ತರ ನಾಲಿಗೆಯ ತುದಿಯಲ್ಲಿರುತ್ತದೆ. ಇವರಲ್ಲಿ ಒಬ್ಬ ತಡವರಿಸಿದ, ಒಬ್ಬ ಕೆಮ್ಮಿದ. ಇನ್ನೊಬ್ಬ ಥಟ್ಟನೆ ಬದನೆಕಾಯಿ ಎಂದ. ಎಣ್ಣೆಗಾಯಿಯನ್ನು ಮೂರು ಸಲ ಬಡಿಸಿಕೊಂಡವನು ಅವನೇ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂಬ ಗಾದೆ ಸುಮ್ಮನೆ ಹುಟ್ಟಲಿಲ್ಲ. ಉಳಿದವರು ಚಪ್ಪಲಿ ಹುಡುಕತೊಡಗಿದರು.

ವರ್ತಕ ಬಾಣಸಿಗನ ಕಡೆ ತಿರುಗಿದ. "ನೀವೊಬ್ಬರು ಹೋಗಲಿಲ್ಲವೇ?"

"ಇಲ್ಲ ಸ್ವಾಮಿ, ಮನೆಯಲ್ಲೇ ಇದ್ದೆ. ತಾಯಿಗೆ ಗಂಜಿ ಕಾಯಿಸಬೇಕಿತ್ತು."

ಹಬ್ಬದಡುಗೆ ಮಾಡುವವರು ಬೀದಿಗೊಬ್ಬರು ಸಿಗುತ್ತಾರೆ ಎಂದ ವರ್ತಕ. ತನ್ನ ಛತ್ರಕ್ಕೆ ಬರುವವರು ನಡೆದು ಸೋತವರು, ಅರ್ಧ ಜನ ಜ್ವರ ಹೊತ್ತು ಬರುವವರು, ಅವರಿಗೆ ಮೊದಲು ಬೇಕಾದದ್ದು ಗಂಜಿ ಎಂದು ಹೇಳಿ ಅಡುಗೆಮನೆಯ ಬೀಗದ ಕೈಯನ್ನು ಬಾಣಸಿಗನ ಕೈಗಿತ್ತ. ಅಂದೇ ಬಾಣಸಿಗನ ಮನೆಗೆ ಅಕ್ಕಿ ಬಂತು. ತಾಯಿಗೆ ತುಂಬ ಸಂತೋಷವಾಯಿತು. ಆದರೂ ಗಂಜಿಗೆ ಉಪ್ಪು ಸಾಲದು ಎಂದಳು.

ಶಿಷ್ಯ ಬದನೆಕಾಯಿಯವನನ್ನು ನೆನೆದು ಜೋರಾಗಿ ನಕ್ಕ. ಗುರುಗಳೂ ನಕ್ಕು ಕೈ ಚಾಚಿದರು.

"ಎಲ್ಲಿ, ಜೇಬಿನ ಕಾಗದ ಕೊಡು. ನಿನ್ನ ಕಾಶಿ ಯಾವ ಸಾಲಿನಲ್ಲಿದೆ ನೋಡೋಣ."

ಶಿಷ್ಯ ಕಾಗದ ತೆಗೆದು, ಆ ಎಂಟು ತಿಂಗಳ ಸಾಲನ್ನು ಹೆಬ್ಬೆರಳಿನಿಂದ ಮುಚ್ಚಿಕೊಂಡೇ ಮುಂದೆ ಚಾಚಿದ.